ಕಪ್ಪು ವಸ್ತ್ರದ ಪೂಜೆ

ಜನವರಿ ೧೪

ಪ್ರೀತಿಯ ತಮ್ಮ,

ನಿನ್ನ ಹೊಸ ವರ್ಷದ ಕಾರ್ಡು ಬಂತು. ಬಿಷಪರ ಕಾರ್ಯದರ್ಶಿಯಾದ ಮೇಲೆ ನಿನ್ನ ಅಕ್ಷರ ಸಣ್ಣದಾಗಿದೆ ಎಂದು ಅಮ್ಮನ ದೂರು. ಮಂಜಾಗಿರುವುದು ಅವಳ ಕಣ್ಣು. ಅದನ್ನು ಹೇಳುವ ಧೈರ್ಯ ಈ ಮನೆಯಲ್ಲಿ ಯಾರಿಗಿದೆ? ಫೋನ್ ಮಾಡಬಾರದೇ ಎಂದು ಕೇಳಿದ್ದೀಯ. ಫೋನಿನಲ್ಲಿ ಅಮ್ಮ ಊಟ ಆಯಿತಾ ಎನ್ನುತ್ತಾಳೆ, ನೀನು ಆಯಿತು ಎನ್ನುತ್ತೀಯ, ಅಲ್ಲಿಗೆ ಮುಗಿಯುತ್ತದೆ. ಕಾಗದದಲ್ಲಾದರೆ ಮನಸಾರೆ ಜಗಳವಾಡಬಹುದು.

ನನ್ನ ಹೊಲಿಗೆ ಕೋಣೆಯ ಸುದ್ದಿ ಕೇಳು. ನಮ್ಮ ಚರ್ಚಿನ ಹೊಸ ಫಾದರ್ ಕಳೆದ ವಾರ ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದು ಬಂದರು. ಮೈಕಿಲ್ಲದೆ ಶಿಲುಬೆಯ ಗುರುತನ್ನೂ ಹಾಕದ ಮನುಷ್ಯ. ಅಮ್ಮ ಅವರಿಗೆ ಮೈಕ್ ಫಾದರ್ ಎಂದು ಹೆಸರಿಟ್ಟಿದ್ದಾಳೆ. ಚೀಲದಲ್ಲಿ ಇದ್ದದ್ದು ಸತ್ತವರ ಪೂಜೆಗೆ ಗುರುಗಳು ತೊಡುತ್ತಿದ್ದ ಕಪ್ಪು ಪೂಜಾವಸ್ತ್ರ. ಅಪ್ಪನ ಸಾವಿಗೂ ಅದನ್ನೇ ತೊಟ್ಟಿದ್ದರು, ನಿನಗೆ ನೆನಪಿರಬೇಕು. ಬೆನ್ನಿನ ಮೇಲೆ ಬೆಳ್ಳಿ ಜರಿಯ ಶಿಲುಬೆ. ಒಂದೊಂದು ಎಳೆಯನ್ನೂ ಬಟ್ಟೆಯ ಮೇಲೆ ಮಲಗಿಸಿ, ಕಣ್ಣಿಗೆ ಕಾಣದ ರೇಷ್ಮೆ ಹೊಲಿಗೆಯಲ್ಲಿ ಹಿಡಿದಿಟ್ಟಿದ್ದಾರೆ. ಇವತ್ತು ಅಂಥ ಕೆಲಸ ನನಗೂ ಬರುವುದಿಲ್ಲ.

"ಇದನ್ನ ಬಿಚ್ಚಿ ಮಕ್ಕಳ ನಾಟಕದ ಪರದೆಗೆ ಅಂಚು ಕಟ್ಕೊಡಿ. ಬಟ್ಟೆ ಗಟ್ಟಿ ಇದೆ," ಎಂದರು ಮೈಕ್ ಫಾದರ್. "ಕಪ್ಪು ನೋಡಿದ್ರೆ ಜನ ಕುಗ್ಗಿಹೋಗ್ತಾರೆ. ಈಗ ನಾವು ಸತ್ತವರ ಬದುಕನ್ನ ಸಂಭ್ರಮಿಸ್ತೀವಿ."

ಮೂಲೆಯಲ್ಲಿ ಗುಂಡಿ ಬೇರೆ ಮಾಡುತ್ತಿದ್ದ ಅಮ್ಮ ತಲೆಯೆತ್ತದೆ ಕೇಳಿದಳು: "ಸಂಭ್ರಮಕ್ಕೆ ಹೆಣದ ಒಪ್ಪಿಗೆ ತಗೊಂಡ್ರಾ ಫಾದರ್?"

ಪರದೆಗೆ ಅಸ್ತರಿನ ಕಪ್ಪು ಬಟ್ಟೆಯ ಅಂಚು ಕಟ್ಟಿಕೊಟ್ಟೆ. ಪೂಜಾವಸ್ತ್ರ ನನ್ನ ಬೀರುವಿನಲ್ಲಿದೆ. ಮೋಸವೇ, ಸರಿ. ನಿವೃತ್ತರಾಗಿ ಚರ್ಚಿನ ಹಿಂದಿನ ಕೋಣೆಯಲ್ಲಿರುವ ನಮ್ಮ ಹಿರೇ ಫಾದರ್ ಹತ್ತಿರ ಪಾಪನಿವೇದನೆಯಲ್ಲಿ ಹೇಳಿಕೊಂಡೆ. ಅವರು ಬಹಳ ಹೊತ್ತು ಕೆಮ್ಮಿ, "ನುಸಿಗುಳಿಗೆ ಹಾಕಿದ್ದೀಯಾ?" ಎಂದರು.

ಇನ್ನೊಂದು ಸುದ್ದಿ ನಿನಗೆ ಮಾತ್ರ. ಬುಧವಾರ ಬೆಳಿಗ್ಗೆ ಐದೂವರೆಗೆ, ಪಕ್ಕದ ಸಣ್ಣ ಬಲಿಪೀಠದಲ್ಲಿ, ಹಿರೇ ಫಾದರ್ ಹಳೇ ಪೂಜೆ ಮಾಡುತ್ತಾರೆ, ಕನ್ನಡದ ಹೊಸ ಪೂಜೆ ಬರುವ ಮುಂಚೆ ನಮ್ಮ ಚಿಕ್ಕಂದಿನಲ್ಲಿ ಇದ್ದದ್ದು. ಲ್ಯಾಟಿನ್‌ನಲ್ಲಿ, ನಮ್ಮಂತೆಯೇ ಬಲಿಪೀಠದ ಕಡೆ ಮುಖ ಮಾಡಿ. ಬಿಷಪರ ಅನುಮತಿ ಇಲ್ಲವಲ್ಲ, ಒಳಗಿನಿಂದ ಚಿಲಕ ಹಾಕಿರುತ್ತೇವೆ. ಹದಿನಾರು ಜನ. ಅಮ್ಮ ಮಡಚಿದ ರಗ್ಗಿನ ಮೇಲೆ ಮೊಣಕಾಲೂರುತ್ತಾಳೆ. ಹೊಸ ಪೂಜೆಯಲ್ಲಿ ಎಲ್ಲರೂ ನನ್ನೊಂದಿಗೆ ಮಾತಾಡುತ್ತಾರೆ ತಮ್ಮ, ಸ್ವಾಗತ ಕೋರುತ್ತಾರೆ, ಜೋಕು ಹೇಳುತ್ತಾರೆ, ಹುಟ್ಟುಹಬ್ಬಕ್ಕೆ ಚಪ್ಪಾಳೆ ತಟ್ಟಿಸುತ್ತಾರೆ. ಬುಧವಾರ ನನ್ನ ಹತ್ತಿರ ಯಾರೂ ಮಾತಾಡುವುದಿಲ್ಲ. ನನಗಾಗಿ ಒಬ್ಬರು ದೇವರ ಹತ್ತಿರ ಮಾತಾಡುತ್ತಾರೆ. ಚರ್ಚಿಗೆ ನಾನು ಹೋಗುವುದು ಅದಕ್ಕೆ.

ಅಮ್ಮ ಆರಾಮ.

ನಿನ್ನ ಅಕ್ಕ


ಫೆಬ್ರವರಿ ೩

ಪ್ರೀತಿಯ ಅಕ್ಕ,

ಬುಧವಾರದ ಸುದ್ದಿಯನ್ನು ನೀನು ಬರೆಯದೆ ಇದ್ದಿದ್ದರೆ ಚೆನ್ನಾಗಿತ್ತು. ಓದಿದ್ದನ್ನು ಓದಿಲ್ಲವೆನ್ನಲು ಬರುವುದಿಲ್ಲ.

ಹಳೆಯದೆಲ್ಲ ಪವಿತ್ರ, ಹೊಸದೆಲ್ಲ ತಮಾಷೆ ಎಂದು ನೀನು ತೀರ್ಮಾನಿಸಿದಂತಿದೆ. ಚಿಕ್ಕವನಿದ್ದಾಗ ನಾನು ಗುರುಗಳ ಪಕ್ಕ ಪೂಜೆಯ ಸಹಾಯಕ್ಕೆ ನಿಂತು ಗಿಣಿಯಂತೆ ಲ್ಯಾಟಿನ್ ಒಪ್ಪಿಸುತ್ತಿದ್ದೆ. ಒಂದಕ್ಷರದ ಅರ್ಥವೂ ಗೊತ್ತಿರಲಿಲ್ಲ. ಗುರುವಾದ ಮೊದಲ ವರ್ಷ ಆಸ್ಪತ್ರೆಯಲ್ಲಿ ಒಬ್ಬ ಬಡಗಿಗೆ ಕೊನೆಯ ಪ್ರಾರ್ಥನೆಗಳನ್ನು ಅವನದೇ ಮಾತಿನಲ್ಲಿ ಓದಿದೆ. ಅವನು ನನ್ನ ಕೈ ಹಿಡಿದು, "ಇಷ್ಟು ದಿನ ಇದನ್ನೇ ಹೇಳ್ತಿದ್ರಾ ಸ್ವಾಮಿ?" ಎಂದು ಅತ್ತ. ಆ ಕೈಯನ್ನು ನಾನು ಹೇಗೆ ಮರೆಯಲಿ?

ಬೋಧನೆ ಬದಲಾಗಿಲ್ಲ ಅಕ್ಕ. ಹೇಳುವ ರೀತಿ ಬದಲಾಗಿದೆ, ಅಷ್ಟೇ. ಅಂದಹಾಗೆ, ಕಪ್ಪು ವಸ್ತ್ರವನ್ನು ಯಾರೂ ನಿಷೇಧಿಸಿಲ್ಲ. ನಿಮ್ಮ ಮೈಕ್ ಫಾದರ್‌ಗೆ ಗೊತ್ತಿಲ್ಲ, ಪಾಪ.

ಇಲ್ಲಿ ಕೆಲಸ ಬಹಳ. ವಾರ್ಷಿಕ ವರದಿಗಳ ಕಾಲ. ಅಮ್ಮನ ಮಂಡಿ ನೋವು ಹೇಗಿದೆ?

ನಿನ್ನ ತಮ್ಮ


ಮಾರ್ಚ್ ೯

ತಮ್ಮ,

ಬಿಷಪರ ಕಾಗದ ಬಂದಿದೆ. ಮೈಕ್ ಫಾದರ್ ಅದನ್ನು ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. "ಪಕ್ಕದ ಬಲಿಪೀಠದಲ್ಲಿ ಬುಧವಾರ ಬೆಳಿಗ್ಗೆ ಐದೂವರೆಗೆ ಅನುಮತಿಯಿಲ್ಲದೆ ನಡೆಯುತ್ತಿರುವ ಹಳೆಯ ಕ್ರಮದ ಪೂಜೆಯನ್ನು ಕೂಡಲೇ ನಿಲ್ಲಿಸತಕ್ಕದ್ದು." ವಾರ, ವೇಳೆ, ಜಾಗ ಎಲ್ಲವೂ ಇದೆ. ಹಿರೇ ಫಾದರ್‌ರನ್ನು ಮೂರೇ ದಿನಗಳಲ್ಲಿ ದೂರದ ಗುರುಗಳ ವಿಶ್ರಾಂತಿಗೃಹಕ್ಕೆ ಕಳಿಸಿದರು. ಎಂಬತ್ತೊಂದು ವರ್ಷದ ಮುದುಕರು ಒಂದು ಟ್ರಂಕು, ಒಂದು ಊರುಗೋಲು ಹಿಡಿದು ವ್ಯಾನು ಹತ್ತಿದರು. ನಾವು ಅಳುತ್ತಿದ್ದರೆ, "ಏಳ್ರಮ್ಮ, ವ್ಯಾನಿಗೆಲ್ಲಾ ಮೊಣಕಾಲೂರ್ತಾರಾ?" ಎಂದು ಗದರಿದರು.

ಯಾರು ಹೇಳಿರಬೇಕು? ವಿಷಯ ಗೊತ್ತಿದ್ದೂ ಚಿಲಕದ ಆಚೆ ಇದ್ದವನು ಚರ್ಚಿನ ಗಂಟೆ ಹೊಡೆಯುವ ಅಣ್ಣ ಒಬ್ಬನೇ. ಅವನಿಗೆ ಮೈಕ್ ಫಾದರ್ ಹೊಸ ಸೈಕಲ್ ಕೊಡಿಸಿದ್ದಾರೆ. ಮೊನ್ನೆ ಎದುರಿಗೆ ಸಿಕ್ಕಾಗ ನಾನು ರಸ್ತೆಯ ಆ ಬದಿಗೆ ದಾಟಿದೆ. ಅವನು "ಅಕ್ಕಾ" ಎಂದು ಕರೆದ. ಕೇಳಿಸಲಿಲ್ಲ ಎಂಬಂತೆ ನಡೆದೆ.

ಬೋಧನೆ ಬದಲಾಗಿಲ್ಲ ಎಂದು ಬರೆದೆಯಲ್ಲ, ಈ ವಾರದ್ದು ಕೇಳು. ಎದುರು ಮನೆಯ ಟೈಪಿಸ್ಟ್ ತೀರಿಕೊಂಡರು. ಬಿಳಿ ವಸ್ತ್ರ, ಗಿಟಾರು. ಪೂಜೆಯ ನಡುವೆ ಉಪದೇಶ ಮಾಡುವ ಪ್ರಸಂಗದಲ್ಲಿ ಮೈಕ್ ಫಾದರ್, "ಅವರು ಈಗಾಗಲೇ ಸ್ವರ್ಗದಲ್ಲಿ ಟೈಪ್ ಮಾಡ್ತಾ ಇದ್ದಾರೆ" ಎಂದರು. ಜನ ನಕ್ಕರು. ಈಗಾಗಲೇ ತಲುಪಿದ್ದರೆ ನಾವು ಅಲ್ಲಿ ಕೂತು ಮಾಡುತ್ತಿದ್ದುದೇನು? ಸತ್ತವರು ಶುದ್ಧೀಕರಣ ಸ್ಥಳದಲ್ಲಿ ನಮ್ಮ ಪ್ರಾರ್ಥನೆಗೆ ಕಾಯುತ್ತಾರೆ ಎಂದು ಚಿಕ್ಕಂದಿನಲ್ಲಿ ನಮಗೆ ಕಲಿಸಿದವರು ಸುಳ್ಳು ಹೇಳಿದರೇ? ಪುಸ್ತಕದಲ್ಲಿ ಹಾಗೆಯೇ ಇದೆ ಎನ್ನುತ್ತೀಯ. ನಲವತ್ತು ವರ್ಷ ಬಾಯಿಬಿಟ್ಟು ಹೇಳದ ಮಾತು ಪುಸ್ತಕದಲ್ಲಿದ್ದರೆಷ್ಟು, ಬಿಟ್ಟರೆಷ್ಟು? ನಿನ್ನೆ ಸತ್ಯವಾಗಿದ್ದದ್ದು ಇವತ್ತು ಹೇಳಲು ನಾಚಿಕೆಪಡುವಂಥದ್ದಾದರೆ, ಬದಲಾದದ್ದು ರೀತಿಯಲ್ಲ.

ಅಮ್ಮ ಚರ್ಚಿನಿಂದ ಬಂದವಳೇ ಹೇಳಿದಳು: "ನಾನು ಸತ್ತಾಗ ಹಿಂಗೆ ನಗಿಸಬೇಡಿ. ನನ್ನ ಮಗ ಕಪ್ಪು ತೊಟ್ಟು ಹಳೇ ಪೂಜೆ ಮಾಡ್ಲಿ. ಅಷ್ಟು ಸಾಕು." ಹಿರೇ ಫಾದರ್ ಇಲ್ಲದ ಮೇಲೆ ಅದನ್ನು ಮಾಡಬಲ್ಲವನು ನೀನೊಬ್ಬನೇ. ಮಾಡುತ್ತೀಯೋ ಇಲ್ಲವೋ, ನೇರವಾಗಿ ಬರೆ. ಅಮ್ಮ ಆರಾಮವಾಗಿದ್ದಾಳೆ, ಸುಮ್ಮನೆ ಕೇಳುತ್ತಿದ್ದಾಳೆ.

ಅಕ್ಕ


ಮಾರ್ಚ್ ೨೮

ಅಕ್ಕ,

ಗಂಟೆಯಣ್ಣನ ಹತ್ತಿರ ಮಾತಾಡು. ಹೇಳಿದವನು ನಾನು.

ನಮ್ಮ ವ್ಯಾಪ್ತಿಯ ಯಾವ ಚರ್ಚಿನಲ್ಲೂ ಹಳೇ ಪೂಜೆ ನಡೆಯುತ್ತಿಲ್ಲ ಎಂಬ ವರದಿಗೆ ಕಾರ್ಯದರ್ಶಿಯಾಗಿ ನಾನು ಸಹಿ ಹಾಕಬೇಕಿತ್ತು. ನಿನ್ನ ಕಾಗದ ಅದೇ ಮೇಜಿನ ಡ್ರಾಯರ್‌ನಲ್ಲಿತ್ತು. ಒಂದು ವಾರ ಫೈಲನ್ನು ಅತ್ತಿತ್ತ ಸರಿಸಿದೆ. ಬಿಷಪರು, "ಯಾಕೆ ತಡ? ಏನಾದರೂ ಗೊತ್ತಾ?" ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹಿರೇ ಫಾದರ್‌ರನ್ನು ಕಳಿಸುತ್ತಾರೆಂದು ತಿಳಿದಿರಲಿಲ್ಲ. ತಿಳಿದಿದ್ದರೂ ಹೇಳುತ್ತಿದ್ದೆನೋ ಏನೋ.

ಗುರುವಾಗುವ ದಿನ ಬಿಷಪರ ಕೈಗಳ ನಡುವೆ ನನ್ನ ಕೈ ಇಟ್ಟು ವಿಧೇಯನಾಗಿರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ನೀನು, ಅಮ್ಮ ಇಬ್ಬರೂ ಮೊದಲ ಸಾಲಿನಲ್ಲಿ ಕೂತಿದ್ದಿರಿ. ಆ ಮಾತು ನನಗೆ ಇಷ್ಟವಾದ ಅಪ್ಪಣೆಗಳಿಗೆ ಮಾತ್ರ ಅಲ್ಲ. ಪ್ರತಿಯೊಬ್ಬ ಗುರುವೂ ತನಗೆ ಸರಿ ಕಂಡ ಪೂಜೆ ಮಾಡಿದರೆ ಧರ್ಮಸಭೆ ಉಳಿಯುವುದಿಲ್ಲ, ಅಂಗಡಿಗಳ ಸಾಲು ಉಳಿಯುತ್ತದೆ.

ಆದ್ದರಿಂದ ಹಳೇ ಪೂಜೆ ಆಗದು. ಅಮ್ಮನ ಕಾಲ ಬಂದಾಗ (ದೂರವಿರಲಿ) ನಾನೇ ಬಂದು, ಅವಳಿಗೆ ಅರ್ಥವಾಗುವ ಮಾತಿನಲ್ಲಿ, ಗಿಟಾರಿಲ್ಲದೆ, ಗೌರವದಿಂದ ಮಾಡುತ್ತೇನೆ. ಅದನ್ನು ಅವಳಿಗೆ ಮೆಲ್ಲಗೆ ಹೇಳು.

ತಮ್ಮ


ಏಪ್ರಿಲ್ ೫

ತಮ್ಮ,

ಮೆಲ್ಲಗೆ ಹೇಳಲಿಲ್ಲ. ನಿನ್ನ ಕಾಗದವನ್ನು ಪೂರ್ತಿ ಓದಿದೆ. ಆಮೇಲೆ ಗಂಟೆಯಣ್ಣನ ಮನೆಗೆ ಹೋಗಿ ಬಾಗಿಲಲ್ಲೇ ಕ್ಷಮೆ ಕೇಳಿದೆ. ಅವನು, "ಹೋಗ್ಲಿ ಬಿಡಕ್ಕ, ಸೈಕಲ್ ನಂದೇ ದುಡ್ಡಿಂದು" ಎಂದ. ನನಗೆ ನಾಚಿಕೆಯಾಯಿತು. ನಿನಗೂ ಸ್ವಲ್ಪ ಆಗಲಿ.

ಸುಳ್ಳು ಹೇಳಲು ಬಾಯಿ ಬರಲಿಲ್ಲ ಎಂದೆಯಲ್ಲ, ಆ ಬಾಯಿ ಟೈಪಿಸ್ಟರ ಹೆಣದ ಮುಂದೆ ಮೈಕ್ ಫಾದರ್ ಹೇಳಿದ ಸುಳ್ಳಿನ ಬಗ್ಗೆ ಏನೂ ಹೇಳಲಿಲ್ಲ. ವಿಧೇಯತೆ ಎಂದೆ. ಆ ಹಿರೇ ಫಾದರ್‌ಗೆ ಐವತ್ತಾರು ವರ್ಷದ ಹಿಂದೆ ಕೈಗಿತ್ತ ಪುಸ್ತಕ ಅದು. ಅವರು ಏನನ್ನೂ ಹೊಸದಾಗಿ ಕಂಡುಹಿಡಿಯಲಿಲ್ಲ. ಕೊಟ್ಟದ್ದನ್ನು ಕೆಳಗಿಡಲಿಲ್ಲ, ಅದೇ ಅವರ ಅಪರಾಧ. ಸಂತರು ಸಂತರಾದದ್ದು ಆ ಪೂಜೆಯಲ್ಲಿ. ಅದನ್ನು ಕದ್ದ ಮಾಲಿನಂತೆ ಹುಡುಕಿ ಹಿಡಿಯುವ ಅಪ್ಪಣೆಗೆ ನಾನು ತಲೆಬಾಗುವುದಿಲ್ಲ.

ಮುಂದಿನದು ಅಮ್ಮ ಹೇಳಿ ಬರೆಸಿದ್ದು, ಒಂದಕ್ಷರ ತಿದ್ದಿಲ್ಲ:

"ಲೋ, ನಿನ್ನ ಹೊಸ ಪೂಜೆ ಪೂಜೆ ಅಲ್ಲ ಅಂತ ನಾನು ಹೇಳ್ತಿಲ್ಲ. ದಿನಾ ಹೋಗ್ತೀನಲ್ಲ, ಹೇಳೋಕೆ ನನಗೇನು ಹುಚ್ಚಾ? ಆದರೆ ನನ್ನ ತಂಗಿ ಹತ್ರ ಹತ್ತೊಂಬತ್ತು ವರ್ಷ ಮಾತು ಬಿಟ್ಟೆ. ಅವಳು ಸತ್ತಾಗ ಮುಖ ನೋಡೋಕೂ ಹೋಗ್ಲಿಲ್ಲ. ಪಾಪನಿವೇದನೆಲಿ ಹೇಳಿದ್ದೀನಿ, ಕ್ಷಮೆ ಸಿಕ್ಕಿದೆ. ಕಲೆ ಹೋಗಿಲ್ಲ. ಅದು ನಂಗೊತ್ತು, ದೇವರಿಗೂ ಗೊತ್ತು. ನೀವು ಮೈಕಲ್ಲಿ ಇವಳು ಪುಣ್ಯಾತ್ಗಿತ್ತಿ, ನೇರ ಹೋದಳು ಅಂದ್ರೆ ನಾನು ಅಲ್ಲಿ ಯಾವ ಮುಖ ಇಟ್ಕೊಂಡು ನಿಲ್ಲಲಿ? ಹಳೇ ಪೂಜೆಲಿ ನನ್ನ ಹೊಗಳೋಕೆ ಜಾಗನೇ ಇಲ್ಲ. ಕರುಣೆ ತೋರಿಸಪ್ಪಾ ಅಂತ ಬೇಡೋದು ಮಾತ್ರ. ನನಗೆ ಅದು ಬೇಕು. ಹೊಗಳಿಕೆ ಬೇರೆಯವರಿಗೆ ಕೊಡು."

ಬರೆಸಿ ಸುಸ್ತಾಗಿ ಮಲಗಿದ್ದಾಳೆ. ಬೇರೇನಿಲ್ಲ.

ಅಕ್ಕ


ಮೇ ೧೦

ತಮ್ಮ,

ಅಮ್ಮ ಹೋಗಿ ಹದಿನೆಂಟು ದಿನ.

ಮೊದಲು ನನ್ನ ತಪ್ಪು. ಅವಳ ಹೊಟ್ಟೆಯಲ್ಲಿ ಗೆಡ್ಡೆಯಿದೆ ಎಂದು ಡಾಕ್ಟರ್ ಡಿಸೆಂಬರ್‌ನಲ್ಲೇ ಹೇಳಿದ್ದರು. ನಾನು ಬರೆದ "ಆರಾಮ"ಗಳೆಲ್ಲ ಅಮ್ಮನ ಅಪ್ಪಣೆ. "ಕನಿಕರಕ್ಕೆ ಒಪ್ಕೊಳ್ಳೋದು ಬೇಡ. ನಂಬಿಕೆಯಿಂದ ಒಪ್ಕೊಂಡ್ರೆ ಮಾಡ್ಲಿ" ಎಂದಳು. ಫೋನಿನಲ್ಲಿ ನಿನಗೆ ಸುದ್ದಿ ಹೇಳಿದಾಗ ನೀನು, "ಮೊದಲೇ ಯಾಕೆ ಹೇಳಲಿಲ್ಲ?" ಎಂದೆ. ಅದಕ್ಕೆ ನಾನು ಹೊಣೆ. ಒಪ್ಪಿಕೊಂಡೆ.

ಈಗ ನಿನ್ನದು. ನೀನು ಐದು ಗಂಟೆ ಕಾಲ ಬಸ್ಸಿನಲ್ಲಿ ಕೂತು ಬಂದೆ. ಬಿಳಿ ತೊಟ್ಟು ಮೈಕ್ ಫಾದರ್ ಪಕ್ಕ ನಿಂತೆ. ಕಪ್ಪು ವಸ್ತ್ರಕ್ಕೆ ನಿಷೇಧವಿಲ್ಲ ಎಂದು ಬರೆದವನು ನೀನೇ. ಬೀರುವಿನ ಬೀಗದ ಕೈ ನಿನ್ನ ತಟ್ಟೆಯ ಪಕ್ಕದಲ್ಲೇ ಇಟ್ಟಿದ್ದೆ. ಮುಟ್ಟಲಿಲ್ಲ. ಆಮೇಲೆ ಪ್ರಸಂಗ. "ನಮ್ಮಮ್ಮ ಯಾರನ್ನೂ ದ್ವೇಷಿಸಿದವಳಲ್ಲ. ಅವಳು ಈಗ ದೇವರ ಮಡಿಲಲ್ಲಿ ನಗುತ್ತಿದ್ದಾಳೆ." ಅವಳು ಯಾವುದನ್ನು ಬೇಡವೆಂದಳೋ ಅದನ್ನೇ ಆರಿಸಿ ಹೇಳಿದೆ. ಪೂಜೆಯಲ್ಲಿ ಶಾಂತಿ ಕೋರಿ ಕೈಕುಲುಕುವ ಹೊತ್ತಿಗೆ ನೀನು ನನ್ನತ್ತ ಬಂದಾಗ ನಾನು ಕೈ ಕಟ್ಟಿಕೊಂಡೇ ನಿಂತಿದ್ದೆ. ಚರ್ಚಿಡೀ ನೋಡಿತು. ನೋಡಲಿ.

ಇಷ್ಟಾದರೂ ಸುಮ್ಮನಿರುತ್ತಿದ್ದೆ. ನಿನ್ನೆ ಬೀರು ತೆಗೆದೆ. ಕಪ್ಪು ವಸ್ತ್ರವಿಲ್ಲ. ಮಡಿಕೆಗಳ ನಡುವೆ ಇಟ್ಟಿದ್ದ ಕಾಗದಗಳು ಮಾತ್ರ ನೀಟಾಗಿ ಜೋಡಿಸಿವೆ. ಹಾಗೆ ಜೋಡಿಸುವವನು ನಮ್ಮ ಮನೆಯಲ್ಲಿ ನೀನೊಬ್ಬನೇ. ಹೊರಡುವ ಬೆಳಿಗ್ಗೆ ನಾನು ಸಮಾಧಿಗೆ ಹೋಗಿದ್ದಾಗ ತೆಗೆದಿರಬೇಕು. ಯಾರಿಗೆ ಒಪ್ಪಿಸಿದೆ? ಬಿಷಪರಿಗೋ, ಮೈಕ್ ಫಾದರ್‌ಗೋ? ಇದಕ್ಕೂ ವರದಿ ಬರೆದೆಯಾ? ನಮ್ಮ ಕೈಯಲ್ಲಿ ಉಳಿದದ್ದು ಅದೊಂದೇ ಇತ್ತು.

ಉತ್ತರ ಬರೆಯುವುದಾದರೆ ವಸ್ತ್ರ ಎಲ್ಲಿದೆ ಎಂದು ಬರೆ. ಬೇರೆ ಮಾತು ಬೇಡ. ಅಕ್ಕ ಎಂದು ಕರೆಯುವುದೂ ಬೇಡ.


ಜೂನ್ ೨

ಅಕ್ಕ,

ಕರೆಯಬೇಡವೆಂದೆ. ಇದೊಂದರಲ್ಲೂ ಅವಿಧೇಯನಾಗುತ್ತೇನೆ, ಕ್ಷಮಿಸು.

ವಸ್ತ್ರ ನನ್ನ ಕೋಣೆಯಲ್ಲಿದೆ. ಪ್ರಸಂಗದಲ್ಲಿ ಆ ಮಾತು ಬಾಯಿಂದ ಹೊರಬೀಳುವಾಗಲೇ ಚಿಕ್ಕಮ್ಮನ ನೆನಪಾಯಿತು. ಸುಳ್ಳು ಹೇಳಲು ಬಾರದ ಬಾಯಿ ಎಂದು ಜಂಬಪಟ್ಟವನು, ಹೆತ್ತ ತಾಯಿಯ ಹೆಣದ ಮುಂದೆ, ಜನರಿಗೆ ಹಿತವಾಗಲಿ ಎಂದು ಎಷ್ಟು ಸಲೀಸಾಗಿ ಸುಳ್ಳು ಹೇಳಿದೆ ನೋಡು. ನೀನು ಕೈ ಕಟ್ಟಿ ನಿಂತದ್ದು ಸರಿ.

ಮೂವತ್ತು ಪೂಜೆಯ ಹರಕೆ ನಿನಗೆ ಗೊತ್ತಲ್ಲ. ಸತ್ತ ಒಂದೇ ಆತ್ಮಕ್ಕಾಗಿ ಮೂವತ್ತು ದಿನ, ಒಂದು ದಿನವೂ ಬಿಡದೆ. ನಡುವೆ ತಪ್ಪಿದರೆ ಮತ್ತೆ ಒಂದರಿಂದ. ಮೇ ಎರಡರಂದು ಶುರು ಮಾಡಿದೆ. ಬಾಗಿಲು ಹಾಕಿ, ಬರೆಯುವ ಮೇಜಿನ ಮೇಲೆ, ಕಪ್ಪು ತೊಟ್ಟು, ಹಳೇ ಪುಸ್ತಕದಿಂದ. ಲ್ಯಾಟಿನ್ ಅಲ್ಲಲ್ಲಿ ಎಡವಿದೆ. ಗಿಣಿಯಂತೆ ಒಪ್ಪಿಸುತ್ತಿದ್ದ ಸಾಲುಗಳ ಅರ್ಥ ಈಗ ಗೊತ್ತಾಗುತ್ತದೆ. ಅಲ್ಲಿ ನಾನು ಯಾರ ಮುಖವನ್ನೂ ನೋಡಬೇಕಿರಲಿಲ್ಲ, ಯಾರನ್ನೂ ಸಮಾಧಾನಪಡಿಸಬೇಕಿರಲಿಲ್ಲ. ಅಮ್ಮನ ಪಾಪವನ್ನು ಪಾಪ ಎಂದೇ ಹೇಳಿ ಬೇಡಬಹುದಿತ್ತು. ಅವಳನ್ನು ಅಷ್ಟು ಪ್ರೀತಿಯಿಂದ ನಾನು ಎಂದೂ ನೆನೆದಿರಲಿಲ್ಲ.

ನಿನ್ನ ಕಾಗದ ಹನ್ನೆರಡನೆಯ ದಿನ ಬಂತು. ಉತ್ತರಿಸಿದರೆ ನಿಜ ಬರೆಯಬೇಕು. ಬರೆದ ನಿಜ ಏನು ಮಾಡುತ್ತದೆ ಎಂದು ಒಮ್ಮೆ ನೋಡಿದ್ದೇನೆ. ಮುಗಿಯಲಿ ಎಂದು ಸುಮ್ಮನಾದೆ.

ಇಪ್ಪತ್ತಮೂರನೆಯ ದಿನ ಬಿಷಪರು ಫೈಲೊಂದಕ್ಕಾಗಿ ತಾವೇ ನನ್ನ ಕೋಣೆಗೆ ಬಂದರು. ವಸ್ತ್ರ ಕುರ್ಚಿಯ ಮೇಲಿತ್ತು. ಕೇಳಿದರು, ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು.

"ಇವತ್ತಿಗೆ ನಿಲ್ಲಿಸಿ ಫಾದರ್. ನಿಮ್ಮ ತಾಯಿಗೆ ನಾನೇ ಪೂಜೆ ಮಾಡ್ತೀನಿ, ಹೊಸ ಪುಸ್ತಕದಲ್ಲಿ. ಬೇಕಾದ್ರೆ ಮೂವತ್ತು ದಿನವೂ."

"ಅಮ್ಮ ಕೇಳಿದ್ದು ಇದನ್ನ, ಕೇಳಿದ್ದು ನನ್ನ ಹತ್ರ."

"ಇದು ಅಪ್ಪಣೆ ಅಂತ ತಿಳ್ಕೊಳ್ಳಿ."

"ತಿಳಿದೇ ಮಾಡ್ತೀನಿ ಸ್ವಾಮಿ. ಇನ್ನು ಏಳು ದಿನ. ಆಮೇಲೆ ಏನು ಮಾಡ್ತೀರೋ ಮಾಡಿ."

ಗುರುವಾದ ಇಪ್ಪತ್ತೆರಡು ವರ್ಷದಲ್ಲಿ ಅಪ್ಪಣೆ ಮೀರಿದ್ದು ಮೊದಲ ಸಲ. ಆ ಏಳು ದಿನವೂ ಬಾಗಿಲು ಹಾಕಿಕೊಂಡು ಕಪ್ಪು ತೊಟ್ಟೆ. ನಿಲ್ಲಿಸಲಿಲ್ಲ. ಮೇ ಮೂವತ್ತೊಂದಕ್ಕೆ ಮೂವತ್ತು ತುಂಬಿತು. ಕಚೇರಿಯ ಬೀಗದ ಕೈಗಳನ್ನು ನಾನೇ ಅವರ ಮೇಜಿನ ಮೇಲಿಟ್ಟೆ. ವಿಚಾರಣೆ ಮುಗಿಯುವವರೆಗೆ ಜನರೆದುರು ಯಾವ ಪೂಜೆಯನ್ನೂ ಮಾಡಕೂಡದು ಎಂದು ಹೇಳಿದ್ದಾರೆ.

ಕೊಟ್ಟ ಮಾತು ಮುರಿದೆನೇ, ಇಲ್ಲ ಅದಕ್ಕೂ ಹಳೆಯ ಮಾತೊಂದನ್ನು ಉಳಿಸಿದೆನೇ, ತಿಳಿಯದು. ಅಮ್ಮನಿಗೆ ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಮುಚ್ಚಿದ ಬಾಗಿಲ ಹಿಂದೆ ಮಾಡಿದ್ದಕ್ಕೆ ಇದೆ.

ತಮ್ಮ


ಜೂನ್ ೯

ನನ್ನ ತಮ್ಮ,

ನಿನ್ನ ಕಾಗದವನ್ನು ಇಸ್ತ್ರಿ ಮೇಜಿನ ಹತ್ತಿರ ನಿಂತೇ ಓದಿದೆ. ಯಾರದೋ ಬಿಳಿ ಅಂಗಿಗೆ ಕಂದು ಗುರುತು ಬಿತ್ತು. ಬೇರೆ ಹೊಲಿದುಕೊಡಬೇಕು. ಕಳ್ಳ ಎಂದು ಮನಸ್ಸಿನಲ್ಲಿ ಎಷ್ಟು ಸಲ ಬೈದೆನೋ ಅಷ್ಟನ್ನೂ ವಾಪಸ್ ತೆಗೆದುಕೊಂಡೆ. ಪ್ರಸಂಗದ ಬೈಗುಳ ಮಾತ್ರ ಹಾಗೇ ಇರಲಿ.

ಇಲ್ಲಿ ನಡೆದದ್ದನ್ನು ಕೇಳು. ಅಮ್ಮ ಏನು ಬಯಸಿದ್ದಳು, ಏನು ಸಿಗಲಿಲ್ಲ ಎಂಬುದನ್ನು ನಾನು ಮುಚ್ಚಿಡಲಿಲ್ಲ. ಬಟ್ಟೆ ಹೊಲಿಸಲು ಬಂದವರಿಗೆಲ್ಲ ಹೇಳಿದೆ. ಮೊದಲು ಟೈಪಿಸ್ಟರ ಹೆಂಡತಿ ಬಂದರು. ಅಳತೆ ಕೊಡುವ ನೆಪ. ಹೋಗುವಾಗ ನನ್ನ ಕೈಗೆ ಚೀಟಿಯೊಂದನ್ನು ತುರುಕಿದರು, ಗಂಡನ ಹೆಸರು. "ಅವರು ಒಳ್ಳೆಯವರೇ. ಆದರೆ ಅಷ್ಟೊಂದು ಒಳ್ಳೆಯವರಲ್ಲ. ನಂಗೊತ್ತಲ್ಲ. ಅವತ್ತು ಎಲ್ಲರೂ ನಕ್ಕರು, ನಾನೂ ನಕ್ಕೆ. ಪ್ರಾರ್ಥನೆ ಮಾಡೋಕೆ ಯಾರೂ ಬಿಡಲಿಲ್ಲ." ಮರುದಿನ ಬೇಕರಿಯವನು ಬಂದ, ಕುಡಿದು ಸತ್ತ ಅಣ್ಣನ ಹೆಸರು ಹಿಡಿದು. ಆಮೇಲೆ ನರ್ಸು. ಆಮೇಲೆ ಗಂಟೆಯಣ್ಣ, ಐದು ಹೆಸರು. ಹಳೇ ಪೂಜೆಯ ಬಗ್ಗೆ ಏನೂ ಗೊತ್ತಿಲ್ಲದವರೇ ಹೆಚ್ಚು. ನಮ್ಮವರು ನೇರ ಹೋಗಿಬಿಟ್ಟರು ಎಂದು ಅವರೆಲ್ಲರಿಗೂ ಹೇಳಿ ಕಳಿಸಿದ್ದಾರೆ, ಒಬ್ಬರಿಗೂ ನಂಬಿಕೆ ಬಂದಿಲ್ಲ. ಅತ್ತು ಬೇಡುವ ಹಕ್ಕನ್ನು ಕಿತ್ತುಕೊಂಡು ಇದೇ ಕರುಣೆ ಎನ್ನುತ್ತಾರಲ್ಲ! ಚೀಟಿಗಳನ್ನು ಗುಂಡುಪಿನ್ನಿನಿಂದ ಗೋಡೆಗೆ ಚುಚ್ಚಿದ್ದೇನೆ. ನಿನ್ನೆಯವರೆಗೆ ನಲವತ್ತೊಂದು.

ಇವತ್ತು ಮೈಕ್ ಫಾದರ್ ನೋಡಲು ಬಂದಿದ್ದರು.

"ಏನಕ್ಕಾ ಇದು, ಪೋಸ್ಟ್ ಆಫೀಸಾ?"

"ಹೌದು ಫಾದರ್. ನೀವು ಮುಚ್ಚಿದ್ರಲ್ಲ, ಇಲ್ಲಿ ತೆರೆದ್ವಿ."

"ಬಿಷಪರಿಗೆ ತಿಳಿದ್ರೆ ಕಷ್ಟ."

"ತಿಳಿಸಿದ್ದೀನಿ. ರಿಜಿಸ್ಟರ್ ಪೋಸ್ಟ್, ರಸೀತಿ ಬೇಕಾ?"

ಅವರು ಗೋಡೆಯ ಚೀಟಿಗಳನ್ನು ಒಂದೊಂದಾಗಿ ಓದಿದರು. ಹೊರಡುವಾಗ ಮೈಕಿಲ್ಲದ ದನಿಯಲ್ಲಿ, "ನಮ್ಮಪ್ಪನ ಹೆಸರೊಂದು ಬರ್ಕೊಳ್ಳಿ" ಎಂದರು. ಬರೆದುಕೊಂಡೆ. ನಲವತ್ತೆರಡು.

ಬರುವ ಶನಿವಾರ ಬೆಳಿಗ್ಗೆ ಎಂಟಕ್ಕೆ ಕತ್ತರಿಸುವ ಮೇಜನ್ನು ಗೋಡೆಗೆ ತಳ್ಳಿ, ಬಿಳಿ ಬಟ್ಟೆ ಹಾಸಿ, ಎರಡು ಮೇಣದ ಬತ್ತಿ ಹಚ್ಚುತ್ತೇನೆ. ಬೀದಿಯ ಬಾಗಿಲು, ಕಿಟಕಿ ಎಲ್ಲ ತೆರೆದಿರುತ್ತವೆ. ಬಿಷಪರಿಗೂ ಹಾಗೆಯೇ ಬರೆದಿದ್ದೇನೆ. ಮರೆಯಲ್ಲಿ ಪೂಜಿಸಲು ನಾವು ಏನೂ ಕದ್ದಿಲ್ಲ.

ನಿನ್ನನ್ನು ಬಾ ಎನ್ನುವುದಿಲ್ಲ. ಬಂದು ಪೂಜೆಗೆ ನಿಂತರೆ ಏನು ಕಳೆದುಕೊಳ್ಳುತ್ತೀಯ ಎಂದು ನನಗೆ ಗೊತ್ತು. ಕನಿಕರಕ್ಕೋ, ನನ್ನ ಸಿಟ್ಟಿಗೆ ಹೆದರಿಯೋ ಬಂದರೆ ಅಮ್ಮ ಒಪ್ಪುತ್ತಿರಲಿಲ್ಲ, ನಾನೂ ಒಪ್ಪುವುದಿಲ್ಲ. ನೀನು ಬಂದರೆ ಕಪ್ಪು ತೊಟ್ಟು ನಮ್ಮ ಮುಂದೆ, ನಮ್ಮ ಕಡೆಗೇ ಬೆನ್ನು ಮಾಡಿ ನಿಲ್ಲು. ನೀನು ಬರದಿದ್ದರೆ ಪೂಜೆ ಇಲ್ಲ. ಗುರುವಿಲ್ಲದೆ ಅದು ಆಗದು, ಅಷ್ಟು ನನಗೆ ತಿಳಿದಿದೆ. ಆಗ ನಾವು ಮೊಣಕಾಲೂರಿ ಜಪಸರ ಹೇಳುತ್ತೇವೆ. ಆಮೇಲೆ ನಾನು ಎದ್ದು, ಗೋಡೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ, ಬೀದಿಗೆ ಕೇಳುವಂತೆ ಓದುತ್ತೇನೆ. ಓದಲು ಯಾರ ಅಪ್ಪಣೆಯೂ ಬೇಕಿಲ್ಲ.

ನಿನ್ನ ಅಕ್ಕ